ಮಳೆ ಲೆಕ್ಕದ ಫೈಲ್: ಸಿ ಭಾಷೆಯಲ್ಲಿ ಓದುವುದು, ಬರೆಯುವುದು, ಕರೆಂಟ್ ಹೋದರೂ ಉಳಿಸಿಕೊಳ್ಳುವುದು

ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆ ಮಾಪಕ ಇದೆ. ಬೆಳಗ್ಗೆ 8:30ಕ್ಕೆ ನೋಡಿ, ಹಿಂದಿನ 24 ಗಂಟೆಯಲ್ಲಿ ಬಿದ್ದ ಮಳೆಯನ್ನು ಮಿಲಿಮೀಟರ್‌ನಲ್ಲಿ ಬರೆದಿಡುತ್ತಾರೆ. ಹವಾಮಾನ ಇಲಾಖೆಯ ದಿನದ ಲೆಕ್ಕ ಮುಗಿಯುವುದೂ ಅದೇ ಹೊತ್ತಿಗೆ. ಸಿ ಭಾಷೆಯಲ್ಲಿ ಫೈಲ್ ಕೆಲಸ ಕಲಿಯಲು ಇದು ಬಹಳ ಒಳ್ಳೆಯ ಸಾಮಗ್ರಿ. ದಿನಕ್ಕೊಂದು ಸಣ್ಣ ಸಾಲು ಸೇರುತ್ತದೆ, ಊರಿನ ಹೆಸರು ಕನ್ನಡದಲ್ಲಿರುತ್ತದೆ, ಜುಲೈನಲ್ಲಿ ಬರೆಯುತ್ತಿರುವಾಗಲೇ ಕರೆಂಟ್ ಹೋಗುತ್ತದೆ. ಲ್ಯಾಬ್ ಮ್ಯಾನ್ಯುಯಲ್‌ಗಳಲ್ಲಿ ಸಾಮಾನ್ಯವಾಗಿ ಬಾರದ ಎರಡು ಕಷ್ಟಗಳು, ಅಂದರೆ ಕನ್ನಡ ಅಕ್ಷರ ಮತ್ತು ಅರ್ಧಕ್ಕೇ ನಿಂತ ಬರಹ, ಇಲ್ಲಿ ಮೊದಲ ವಾರವೇ ಎದುರಾಗುತ್ತವೆ.

ಫೈಲ್‌ನ ರೂಪ ಹೀಗಿರಲಿ. ಅಂಕಿಗಳು ಮಾದರಿಗೆ ಮಾತ್ರ.

2024-07-18,ಆಗುಂಬೆ,212.4
2024-07-18,ತೀರ್ಥಹಳ್ಳಿ,96.0
2024-07-18,ಹೊಸನಗರ,-

ದಿನಾಂಕದಲ್ಲಿ ವರ್ಷ ಮೊದಲು ಬಂದರೆ ಸಾಲುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿದಾಗ ದಿನದ ಕ್ರಮವೂ ತಾನಾಗಿ ಬರುತ್ತದೆ. ಕೊನೆಯ ಸಾಲಿನ ಅಡ್ಡಗೆರೆಗೆ "ಅವತ್ತು ಅಳೆದಿಲ್ಲ" ಎಂದರ್ಥ. ಅಲ್ಲಿ ಸೊನ್ನೆ ಹಾಕಬೇಡಿ, ಖಾಲಿಯನ್ನೂ ಬಿಡಬೇಡಿ. ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ದಿನ ಗೊತ್ತುಮಾಡುವವರಿಗೆ "ಮಳೆ ಬರಲಿಲ್ಲ" ಎನ್ನುವುದೂ "ಗೊತ್ತಿಲ್ಲ" ಎನ್ನುವುದೂ ಒಂದೇ ಅಲ್ಲ.

ಈ ಬರಹದಲ್ಲಿ ಫಂಕ್ಷನ್ ಹೆಸರುಗಳು ಕನ್ನಡ ಲಿಪಿಯಲ್ಲಿವೆ. ಕೋಡ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಎಫ್‌ಓಪನ್, ಎಫ್‌ಗೆಟ್ಸ್ ಮೊದಲಾದವು ಸ್ಟ್ಯಾಂಡರ್ಡ್ ಐಓ ಹೆಡರ್‌ನಲ್ಲಿ ಸಿಗುತ್ತವೆ.

ತೆರೆಯುವುದು

ಎಫ್‌ಓಪನ್‌ಗೆ ಎರಡು ಆರ್ಗ್ಯುಮೆಂಟ್: ಫೈಲ್‌ನ ಹೆಸರು, ಮೋಡ್. ಓದಲು "ಆರ್", ಹೊಸದಾಗಿ ಬರೆಯಲು "ಡಬ್ಲ್ಯು", ಕೊನೆಗೆ ಸೇರಿಸಲು "ಎ". ಇವುಗಳಲ್ಲಿ ಅಪಾಯಕಾರಿ ಡಬ್ಲ್ಯು. ಫೈಲ್ ತೆರೆದ ಕ್ಷಣವೇ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೀವು ಒಂದಕ್ಷರ ಬರೆಯದಿದ್ದರೂ ಸರಿ. ಹತ್ತು ವರ್ಷದ ಮಳೆ ಲೆಕ್ಕ ಹೋಗಲು ಒಂದು ತಪ್ಪು ಅಕ್ಷರ ಸಾಕು. ಹೊಸ ಫೈಲನ್ನೇ ಮಾಡಬೇಕು, ಹಳೆಯದಿದ್ದರೆ ಮುಟ್ಟಬಾರದು ಎಂದಿದ್ದರೆ ಡಬ್ಲ್ಯು ಪಕ್ಕದಲ್ಲಿ "ಎಕ್ಸ್" ಸೇರಿಸಿ. 2011ರ ಸಿ ಮಾನಕದಲ್ಲಿ ಬಂದ ಸೌಲಭ್ಯ ಇದು. ಆ ಹೆಸರಿನ ಫೈಲ್ ಮೊದಲೇ ಇದ್ದರೆ ಎಫ್‌ಓಪನ್ ವಿಫಲವಾಗುತ್ತದೆ, ಹಳೆಯದು ಹಾಗೆಯೇ ಉಳಿಯುತ್ತದೆ.

ವಿಫಲವಾದರೆ ಎಫ್‌ಓಪನ್ ನಲ್ ಕೊಡುತ್ತದೆ. ಅದನ್ನು ನೋಡದೆ ಮುಂದೆ ಹೋದರೆ ಮುಂದಿನ ಸಾಲಿನಲ್ಲೇ ಸೆಗ್ಮೆಂಟೇಶನ್ ಫಾಲ್ಟ್ ಆಗುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ. ನಲ್ ಬಂದ ಕೂಡಲೇ ಪಿ-ಎರರ್ ಕರೆದು ಫೈಲ್‌ನ ಹೆಸರನ್ನು ಅದಕ್ಕೆ ಕೊಡಿ. ಫೈಲ್ ಇಲ್ಲವೋ, ಅನುಮತಿ ಇಲ್ಲವೋ ಎಂದು ಅದೇ ಹೇಳುತ್ತದೆ. ನಡುವೆ ಬೇರೆ ಪ್ರಿಂಟ್‌ಎಫ್ ಹಾಕಬೇಡಿ. ಆ ಕರೆ, ಕೊನೆಯ ದೋಷದ ಸಂಖ್ಯೆ ಇರುವ ಎರ್‌ನೋ ಬೆಲೆಯನ್ನು ಬದಲಿಸಿಬಿಡಬಹುದು, ಆಮೇಲೆ ಬರುವ ಸಂದೇಶ ದಾರಿ ತಪ್ಪಿಸುತ್ತದೆ.

"ಫೈಲ್ ಕಣ್ಣೆದುರಿಗೇ ಇದೆ, ಆದರೂ ಸಿಗುತ್ತಿಲ್ಲ" ಎನ್ನುವ ದೂರಿಗೆ ಸಾಮಾನ್ಯವಾಗಿ ಮೂರು ಕಾರಣ. ಬರಿ ಹೆಸರು ಕೊಟ್ಟರೆ ಹುಡುಕಾಟ ನಡೆಯುವುದು ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲಲ್ಲ, ಅದನ್ನು ಯಾವ ಫೋಲ್ಡರ್‌ನಲ್ಲಿ ನಿಂತು ಓಡಿಸಿದ್ದೀರೋ ಅಲ್ಲಿ. ಕೋಡ್ ಎಡಿಟರ್‌ನ ರನ್ ಬಟನ್ ಒತ್ತಿದಾಗ ಆ ಫೋಲ್ಡರ್ ಬೇರೆಯೇ ಇರಬಹುದು. ಎರಡನೆಯದು, ವಿಂಡೋಸ್ ದಾರಿಯಲ್ಲಿ ಒಂಟಿ ಹಿಂದೋರೆ ಗೆರೆ (\). ಅದರ ಮುಂದೆ ಎನ್ ಅಥವಾ ಟಿ ಅಕ್ಷರ ಬಂದರೆ ಕಂಪೈಲರ್ ಅದನ್ನು ಹೊಸ ಸಾಲು ಅಥವಾ ಟ್ಯಾಬ್ ಎಂದು ಓದುತ್ತದೆ. ಎರಡೆರಡು ಗೆರೆ ಹಾಕಿ, ಇಲ್ಲವೇ ಮುಂದೋರೆ ಗೆರೆಯನ್ನೇ (/) ಬಳಸಿ, ವಿಂಡೋಸ್ ಅದನ್ನೂ ಒಪ್ಪುತ್ತದೆ. ಮೂರನೆಯದು, ಫೈಲ್‌ಗೇ ಕನ್ನಡ ಹೆಸರು. ಲಿನಕ್ಸ್‌ನಲ್ಲಿ ತೊಂದರೆಯಿಲ್ಲ. ವಿಂಡೋಸ್‌ನ ಎಫ್‌ಓಪನ್ ಆ ಹೆಸರನ್ನು ಸಿಸ್ಟಂನ ಕೋಡ್ ಪೇಜ್ ಪ್ರಕಾರ ಓದುವುದರಿಂದ ಹೆಸರೇ ಕೆಟ್ಟುಹೋಗುತ್ತದೆ. ಒಳಗಿನ ಬರಹ ಕನ್ನಡದಲ್ಲಿರಲಿ, ಫೈಲ್‌ನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ.

ಓದುವುದು

ಸಾಲು ಸಾಲಾಗಿ ಓದಿ, ಆಮೇಲೆ ಸಾಲನ್ನು ಒಡೆಯಿರಿ. ನೇರವಾಗಿ ಎಫ್‌ಸ್ಕ್ಯಾನ್‌ಎಫ್ ಬಳಸುವುದನ್ನು ನಾವು ಒಪ್ಪುವುದಿಲ್ಲ. ಅಂಕಿ ಇರಬೇಕಾದ ಕಡೆ ಅಡ್ಡಗೆರೆ ಸಿಕ್ಕಿದರೆ ಅದು ಅಲ್ಲೇ ನಿಲ್ಲುತ್ತದೆ, ಮುಂದಿನ ಸುತ್ತಿನಲ್ಲೂ ಸಾಲಿನ ಆ ಉಳಿಕೆಗೇ ಡಿಕ್ಕಿ ಹೊಡೆಯುತ್ತದೆ. ಲೂಪ್ ಮುಗಿಯುವುದೇ ಇಲ್ಲ, ಇಲ್ಲವೇ ಅಲ್ಲಿಂದಾಚೆಯ ಸಾಲುಗಳೆಲ್ಲ ಅಡ್ಡಾದಿಡ್ಡಿಯಾಗುತ್ತವೆ. ಸಾಲನ್ನು ಪೂರ್ತಿ ಓದಿಕೊಂಡಿದ್ದರೆ ಕೆಟ್ಟ ಸಾಲನ್ನು ಬಿಟ್ಟು ಮುಂದೆ ಹೋಗಬಹುದು, ಎಷ್ಟನೇ ಸಾಲು ಕೆಟ್ಟಿದೆ ಎಂದೂ ತೋರಿಸಬಹುದು.

ಅದಕ್ಕೆ ಎಫ್‌ಗೆಟ್ಸ್ ಇದೆ. 256 ಬೈಟ್‌ನ ಅರೇ ಕೊಟ್ಟರೆ ಅದು ಹೆಚ್ಚೆಂದರೆ 255 ಬೈಟ್ ಓದಿ, ಕೊನೆಗೆ ಸೊನ್ನೆ ಬೈಟ್ ಇಡುತ್ತದೆ. ಹಳೆಯ ಗೆಟ್ಸ್‌ಗೆ ಇಂಥ ಮಿತಿಯೇ ಇರಲಿಲ್ಲ, ಆ ಕಾರಣಕ್ಕೇ 2011ರ ಮಾನಕ ಅದನ್ನು ಕಿತ್ತುಹಾಕಿತು. ಎಫ್‌ಗೆಟ್ಸ್ ಹೊಸ ಸಾಲಿನ ಗುರುತನ್ನೂ ಅರೇಯಲ್ಲೇ ಉಳಿಸುತ್ತದೆ, ಇದು ಉಪಯೋಗಕ್ಕೆ ಬರುತ್ತದೆ. ಗುರುತು ಇದ್ದರೆ ಸಾಲು ಪೂರ್ತಿ ಬಂದಿದೆ. ಇಲ್ಲದಿದ್ದರೆ ಸಾಲು ಅರೇಗಿಂತ ಉದ್ದವಿದೆ, ಅಥವಾ ಇದು ಕೊನೆಯ ಸಾಲು. ಉದ್ದದ ಸಾಲಾದರೆ ಹೊಸ ಸಾಲಿನ ಗುರುತು ಸಿಗುವ ತನಕ ಎಫ್‌ಗೆಟ್‌ಸಿ ಇಂದ ಉಳಿದದ್ದನ್ನು ಓದಿ ಎಸೆಯಿರಿ. ಹಾಗೆ ಮಾಡದಿದ್ದರೆ ಅದರ ಬಾಲವೇ ಮುಂದಿನ ಸಾಲಾಗಿ ಬರುತ್ತದೆ.

ಎಫ್‌ಗೆಟ್‌ಸಿ ಕೊಡುವುದನ್ನು ಇಂಟ್‌ನಲ್ಲೇ ಇಟ್ಟುಕೊಳ್ಳಿ, ಕ್ಯಾರ್‌ನಲ್ಲಿ ಬೇಡ. ರಾಸ್‌ಪ್‌ಬೆರಿ ಪೈನಂಥ ಆರ್ಮ್ ಯಂತ್ರದ ಲಿನಕ್ಸ್‌ನಲ್ಲಿ ಕ್ಯಾರ್‌ಗೆ ಋಣ ಸಂಖ್ಯೆ ಇಲ್ಲ. ಫೈಲ್ ಮುಗಿಯಿತೆಂಬ ಗುರುತಾದ ಇಒಎಫ್ ಅದರಲ್ಲಿ 255 ಆಗಿ ಕೂರುತ್ತದೆ, ಹೋಲಿಕೆ ಎಂದೂ ನಿಜವಾಗುವುದಿಲ್ಲ, ಲೂಪ್ ನಿಲ್ಲುವುದಿಲ್ಲ.

ಲೂಪ್‌ನ ಷರತ್ತು ಎಫ್‌ಗೆಟ್ಸ್ ಕರೆಯೇ ಆಗಿರಲಿ: ಅದು ನಲ್ ಕೊಡುವ ತನಕ ಓದು. "ಎಫ್-ಇಒಎಫ್ ಆಗುವ ತನಕ" ಎಂದು ಬರೆದರೆ ಕೊನೆಯ ಸಾಲು ಎರಡು ಸಲ ಲೆಕ್ಕಕ್ಕೆ ಬರುತ್ತದೆ, ತಿಂಗಳ ಒಟ್ಟು ಮಳೆ ಒಂದು ದಿನದಷ್ಟು ಹೆಚ್ಚು ತೋರುತ್ತದೆ. ಎಫ್-ಇಒಎಫ್ ಮುಂದಾಗುವುದನ್ನು ಹೇಳುವುದಿಲ್ಲ. ಓದಲು ಹೋಗಿ ಏನೂ ಸಿಗದೆ ಬಂದ ಮೇಲಷ್ಟೇ ಅದು ನಿಜವಾಗುತ್ತದೆ. ಹೊಸ ಸಾಲಿನ ಗುರುತಿರುವ ಕೊನೆಯ ಸಾಲು ಸಿಕ್ಕಾಗ ಅದಿನ್ನೂ ಸುಳ್ಳೇ. ಹಾಗಾಗಿ ಲೂಪ್ ಇನ್ನೊಂದು ಸುತ್ತು ಹೋಗುತ್ತದೆ, ಎಫ್‌ಗೆಟ್ಸ್ ಸೋಲುತ್ತದೆ, ಅರೇಯಲ್ಲಿ ಹಿಂದಿನ ಸಾಲೇ ಕೂತಿರುತ್ತದೆ. ಲೂಪ್ ಮುಗಿದ ಮೇಲೆ ಎಫ್‌ಎರರ್ ಒಮ್ಮೆ ಕೇಳಿ. ನಿಂತದ್ದು ಫೈಲ್ ಮುಗಿದಿದ್ದಕ್ಕೋ, ಪೆನ್‌ಡ್ರೈವ್ ಕೈಕೊಟ್ಟಿದ್ದಕ್ಕೋ ಎಂದು ಅದರಿಂದ ತಿಳಿಯುತ್ತದೆ.

ಸಾಲಿನ ತುದಿ ಕತ್ತರಿಸುವಾಗ ಹೊಸ ಸಾಲಿನ ಗುರುತಷ್ಟೇ ಸಾಲದು. ವಿಂಡೋಸ್‌ನಲ್ಲಿ ತಯಾರಾದ ಫೈಲನ್ನು ಲಿನಕ್ಸ್‌ನಲ್ಲಿ ಓದಿದರೆ ಅದಕ್ಕೂ ಮೊದಲು ಕ್ಯಾರೇಜ್ ರಿಟರ್ನ್, ಅಂದರೆ 13ನೇ ಬೈಟ್, ಇರುತ್ತದೆ. ಪರದೆಯ ಮೇಲೆ ಕಾಣದ ಈ ಬೈಟ್ ಹೋಲಿಕೆಯಲ್ಲಿ ಕಾಟ ಕೊಡುತ್ತದೆ. 13 ಮತ್ತು 10 ಎರಡರಲ್ಲಿ ಯಾವುದು ಮೊದಲು ಸಿಕ್ಕರೂ ಅಲ್ಲಿಗೇ ಕತ್ತರಿಸಿ. ಸ್ಟ್ರಿಂಗ್ ಹೆಡರ್‌ನ ಎಸ್‌ಟಿಆರ್‌ಸಿಸ್ಪ್ಯಾನ್ ಆ ಜಾಗವನ್ನು ಒಂದೇ ಕರೆಯಲ್ಲಿ ಹುಡುಕಿಕೊಡುತ್ತದೆ.

ಈಗ ಒಡೆಯುವ ಕೆಲಸ. ಎಸ್‌ಸ್ಕ್ಯಾನ್‌ಎಫ್‌ಗೆ ಈ ಫಾರ್ಮ್ಯಾಟ್ ಕೊಡಿ:

%10[^,],%63[^,],%31[^,]

ಕಾಮಾ ಸಿಗುವ ತನಕ ಹೆಚ್ಚೆಂದರೆ 10 ಬೈಟ್ ದಿನಾಂಕಕ್ಕೆ, 63 ಊರಿಗೆ, 31 ಮಳೆಗೆ. ಮೂರು ಅರೇಗಳ ಅಳತೆ ಒಂದೊಂದು ಹೆಚ್ಚಿರಬೇಕು: 11, 64, 32. ಎಸ್‌ಸ್ಕ್ಯಾನ್‌ಎಫ್ ಮರಳಿಸಿದ್ದು 3 ಆಗದಿದ್ದರೆ ಸಾಲು ಕೆಟ್ಟಿದೆ. ಯಾವುದಾದರೂ ಅಂಕಣ ಖಾಲಿಯಿದ್ದರೂ 3 ಬರುವುದಿಲ್ಲ, ಅಡ್ಡಗೆರೆ ಹಾಕಿ ಎಂದದ್ದು ಇದಕ್ಕೂ ಸೇರಿ. ಅಗಲದ ಅಂಕಿಗಳನ್ನು ಬಿಟ್ಟು ಬರೆದರೆ ಉದ್ದದ ಒಂದು ಊರಿನ ಹೆಸರು ಪಕ್ಕದ ಮೆಮೊರಿಯನ್ನು ಹಾಳುಮಾಡುತ್ತದೆ.

ಮಳೆಯನ್ನು ಬೇಕೆಂದೇ ಅಕ್ಷರವಾಗಿ ತೆಗೆದುಕೊಂಡಿದ್ದೇವೆ. ಅದು ಅಡ್ಡಗೆರೆಯೇ ಎಂದು ಮೊದಲು ನೋಡಿ, ಅಲ್ಲದಿದ್ದರೆ ಎಸ್‌ಟಿಆರ್‌ಟುಡಿ (strtod) ಇಂದ ಸಂಖ್ಯೆ ಮಾಡಿ. ಎಟುಎಫ್ (atof) ಬೇಡ. ಸಂಖ್ಯೆಯಲ್ಲದ್ದಕ್ಕೆ ಅದು ಸುಮ್ಮನೆ ಸೊನ್ನೆ ಕೊಡುತ್ತದೆ, ನೀವು ಜೋಪಾನ ಮಾಡಿದ "ಅಳೆದಿಲ್ಲ" ಎನ್ನುವುದು "ಮಳೆ ಇಲ್ಲ" ಎಂದಾಗಿಬಿಡುತ್ತದೆ. ಎಸ್‌ಟಿಆರ್‌ಟುಡಿ ತಾನು ಎಲ್ಲಿ ನಿಂತೆ ಎಂದು ಪಾಯಿಂಟರ್ ಮೂಲಕ ತಿಳಿಸುತ್ತದೆ. ಅದು ಶುರುವಿನಲ್ಲೇ ನಿಂತಿದ್ದರೆ ಸಂಖ್ಯೆ ಸಿಗಲಿಲ್ಲ, ನಡುವೆ ನಿಂತಿದ್ದರೆ ಹಿಂದೆ ಕಸ ಇದೆ. ಕೊನೆಯದಾಗಿ ಬೆಲೆ 0ರಿಂದ 2000ದ ಒಳಗಿದೆಯೇ ನೋಡಿ. 1966ರ ಜನವರಿಯಲ್ಲಿ ರಿಯೂನಿಯನ್ ದ್ವೀಪದ ಫೊಕ್-ಫೊಕ್‌ನಲ್ಲಿ 24 ಗಂಟೆಗೆ ಬಿದ್ದ 1825 ಮಿ.ಮೀ. ಮಳೆ ಜಾಗತಿಕ ದಾಖಲೆ. ಅದನ್ನು ಮೀರಿದ ಅಂಕಿ ಕಂಡರೆ ದಶಮಾಂಶ ಬಿಂದು ಬಿಟ್ಟುಹೋಗಿದೆ ಎಂದೇ ತಿಳಿಯಿರಿ.

ಕನ್ನಡ ಅಕ್ಷರ ಬಂದಾಗ

ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಕಾಗುಣಿತದ ಗುರುತು, ಒತ್ತಕ್ಷರ ಮಾಡುವ ವಿರಾಮ, ಸೊನ್ನೆ ಎಲ್ಲವೂ ಬೇರೆ ಬೇರೆ ಸಂಕೇತ. "ಆಗುಂಬೆ" ಎಂದರೆ ಆ, ಗ, ಉಕಾರ, ಸೊನ್ನೆ, ಬ, ಎಕಾರ: 6 ಸಂಕೇತ, 18 ಬೈಟ್. "ತೀರ್ಥಹಳ್ಳಿ"ಗೆ 10 ಸಂಕೇತ, 30 ಬೈಟ್. 20 ಬೈಟ್‌ನ ಅರೇ ಇಂಗ್ಲಿಷ್ ಹೆಸರುಗಳಿಗೆ ಸಾಕಾದೀತು, ತೀರ್ಥಹಳ್ಳಿಗೆ ಸಾಲದು. ಎಸ್‌ಟಿಆರ್‌ಲೆನ್ ಕೊಡುವುದು ಬೈಟ್ ಲೆಕ್ಕವೇ ಹೊರತು ಅಕ್ಷರದ ಲೆಕ್ಕವಲ್ಲ. ಪ್ರಿಂಟ್‌ಎಫ್‌ನ ಅಗಲವೂ ಬೈಟ್‌ನಲ್ಲೇ, ಹಾಗಾಗಿ ಕನ್ನಡ ಹೆಸರಿನ ಪಟ್ಟಿಯಲ್ಲಿ ಅಂಕಣಗಳು ನೆಟ್ಟಗೆ ನಿಲ್ಲುವುದಿಲ್ಲ. ಅಂಕಿಗಳನ್ನು ಮೊದಲು ಬರೆದು ಹೆಸರನ್ನು ಕೊನೆಗೆ ಇಟ್ಟರೆ ತಲೆನೋವಿಲ್ಲ.

ಹೆಸರನ್ನು ಕತ್ತರಿಸಲೇಬೇಕಾದರೆ ಸಂಕೇತದ ನಡುವೆ ಕತ್ತರಿಸಬೇಡಿ. ಕನ್ನಡ ಸಂಕೇತದ ಮೊದಲ ಬೈಟ್ 224, ನಂತರದ ಎರಡು ಬೈಟ್ 128ರಿಂದ 191ರ ಒಳಗಿರುತ್ತವೆ. ಕತ್ತರಿಸುವ ಜಾಗದ ಬೈಟ್ ಈ ಮಿತಿಯೊಳಗಿದ್ದರೆ ಒಂದೊಂದೇ ಹಿಂದೆ ಸರಿಯಿರಿ. ಹೋಲಿಸುವ ಮುನ್ನ ಅನ್‌ಸೈನ್ಡ್ ಕ್ಯಾರ್ ಮಾಡಿಕೊಳ್ಳಿ. ಸಾಮಾನ್ಯ ಪಿಸಿಯಲ್ಲಿ ಬರಿ ಕ್ಯಾರ್ ಇಟ್ಟರೆ 224 ಎನ್ನುವುದು ಮೈನಸ್ 32 ಆಗಿ ಕಾಣುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಕಾಟ "ಶಿವಮೊಗ್ಗ"ದಲ್ಲೇ ಇದೆ. "ಮೊ" ಅಕ್ಷರದ ಒಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಎಕಾರ ಮತ್ತು ಊಕಾರದ ಗುರುತುಗಳನ್ನು ಒಂದರ ಹಿಂದೊಂದು ಇಟ್ಟೂ ಮಾಡಬಹುದು. ಪರದೆಯಲ್ಲಿ ಎರಡೂ ಒಂದೇ. ಫೈಲ್‌ನಲ್ಲಿ ಒಂದು 24 ಬೈಟ್, ಇನ್ನೊಂದು 27. ಎಸ್‌ಟಿಆರ್‌ಸಿಎಂಪಿಗೆ ಇವು ಎರಡು ಬೇರೆ ಊರು. ಒಂದೇ ಊರಿನ ಒಟ್ಟು ಮಳೆ ಎರಡು ಸಾಲಿನಲ್ಲಿ ಬಂದರೆ ಮೊದಲು ಎರಡೂ ಹೆಸರಿನ ಎಸ್‌ಟಿಆರ್‌ಲೆನ್ ಅಚ್ಚು ಹಾಕಿ ನೋಡಿ. ಹೆಸರು ಟೈಪ್ ಮಾಡುವವರು ಒಬ್ಬರಿಗಿಂತ ಹೆಚ್ಚಿದ್ದರೆ ಫೈಲ್‌ನಲ್ಲಿ ಊರಿಗೊಂದು ಸಂಖ್ಯೆ ಇಟ್ಟು, ಹೆಸರಿನ ಪಟ್ಟಿಯನ್ನು ಬೇರೆ ಫೈಲ್‌ನಲ್ಲಿ ಒಂದೇ ಕಡೆ ಇಡುವುದು ಮೇಲು.

ವಿಂಡೋಸ್‌ನ ಕೆಲವು ಎಡಿಟರ್‌ಗಳು ಫೈಲ್‌ನ ತಲೆಗೆ 239, 187, 191 ಎಂಬ ಮೂರು ಬೈಟ್ ಸೇರಿಸುತ್ತವೆ. ಮೊದಲ ಸಾಲಿನ ದಿನಾಂಕ ಮಾತ್ರ ಕೈಕೊಡುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಮೊದಲ ಸಾಲು ಓದಿದಾಗ ಇವಿದ್ದರೆ ದಾಟಿ ಮುಂದೆ ಹೋಗಿ. ಇನ್ನೊಂದು ಮಾತು: ಕನ್ನಡ ಅಂಕಿಗಳನ್ನು ಎಸ್‌ಟಿಆರ್‌ಟುಡಿ ಓದುವುದಿಲ್ಲ. ೨೧೨ ಎಂದು ಬರೆದಿದ್ದರೆ ಅದಕ್ಕೆ ಅದು ಸಂಖ್ಯೆಯೇ ಅಲ್ಲ.

ಬರೆಯುವುದು, ಬರೆದದ್ದು ಉಳಿಯುವುದು

ದಿನದ ಸಾಲು ಸೇರಿಸಲು "ಎ" ಮೋಡ್‌ನಲ್ಲಿ ತೆರೆದು ಎಫ್‌ಪ್ರಿಂಟ್‌ಎಫ್ ಮಾಡಿ. ಈ ಮೋಡ್‌ನಲ್ಲಿ ಎಫ್‌ಸೀಕ್ ಮಾಡಿ ಎಲ್ಲಿಗೆ ಹೋಗಿದ್ದರೂ ಬರಹ ಕೊನೆಗೇ ಸೇರುತ್ತದೆ. ಆದರೆ ಹಿಂದಿನ ಸಾಲು ಹೊಸ ಸಾಲಿನ ಗುರುತಿಲ್ಲದೆ ಮುಗಿದಿದ್ದರೆ ಇವತ್ತಿನ ದಿನಾಂಕ ನಿನ್ನೆಯ ಮಳೆಗೆ ಅಂಟಿಕೊಳ್ಳುತ್ತದೆ. ಬರೆಯುವ ಮುನ್ನ ಫೈಲನ್ನು "ಆರ್‌ಬಿ" ಮೋಡ್‌ನಲ್ಲಿ ತೆರೆದು, ಕೊನೆಯಿಂದ ಒಂದು ಬೈಟ್ ಹಿಂದಕ್ಕೆ ಎಫ್‌ಸೀಕ್ ಮಾಡಿ, ಆ ಬೈಟ್ 10 ಹೌದೇ ನೋಡಿ ಮುಚ್ಚಿ. ಅಲ್ಲದಿದ್ದರೆ ಮೊದಲು ಒಂದು ಹೊಸ ಸಾಲು ಬರೆಯಿರಿ. ಫೈಲ್ ಖಾಲಿಯಿದ್ದರೆ ಆ ಎಫ್‌ಸೀಕ್ ವಿಫಲವಾಗುತ್ತದೆ, ಅದು ತಪ್ಪಲ್ಲ.

ಎಫ್‌ಪ್ರಿಂಟ್‌ಎಫ್ ಯಶಸ್ಸು ಎಂದರೂ ಸಾಲು ಡಿಸ್ಕ್ ಮುಟ್ಟಿದೆ ಎಂದಲ್ಲ. ಬರಹ ಮೊದಲು ಪ್ರೋಗ್ರಾಂನೊಳಗಿನ ಬಫರ್‌ಗೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಅದರ ಅಳತೆ ಸಾಮಾನ್ಯವಾಗಿ 4096 ಬೈಟ್. ಆಗುಂಬೆಯ ಮೇಲಿನ ಸಾಲಿಗೆ ಹೊಸ ಸಾಲಿನ ಗುರುತೂ ಸೇರಿ 36 ಬೈಟ್, ಅಂದರೆ 113 ಸಾಲು ಮೆಮೊರಿಯಲ್ಲೇ ಕಾಯುತ್ತ ಕೂರಬಹುದು. ಪ್ರೋಗ್ರಾಂ ಕ್ರ್ಯಾಶ್ ಆದರೆ ಅಷ್ಟೂ ಹೋಗುತ್ತವೆ. ಎಫ್‌ಫ್ಲಶ್ ಮಾಡಿದರೆ ಬಫರ್ ಖಾಲಿಯಾಗಿ ಆಪರೇಟಿಂಗ್ ಸಿಸ್ಟಂನ ಕೈಸೇರುತ್ತದೆ, ಆಮೇಲೆ ಪ್ರೋಗ್ರಾಂ ಸತ್ತರೂ ಬರಹ ಉಳಿಯುತ್ತದೆ. ಕರೆಂಟ್ ಹೋದರೆ ಮಾತ್ರ ಇದೂ ಸಾಲದು. ಆಪರೇಟಿಂಗ್ ಸಿಸ್ಟಂ ಕೂಡ ಅದನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಲಿನಕ್ಸ್ ಅರ್ಧ ನಿಮಿಷದಷ್ಟು ತಡೆದು ಡಿಸ್ಕ್‌ಗೆ ಇಳಿಸುವುದು ಮಾಮೂಲು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮಳೆಗಾಲದ ಆ ಅರ್ಧ ನಿಮಿಷವೇ ಸಾಕು.

ಹಾಗಾಗಿ ಸಾಲು ಬರೆದ ಮೇಲೆ ಕ್ರಮ ಇದು: ಎಫ್‌ಪ್ರಿಂಟ್‌ಎಫ್, ಎಫ್‌ಫ್ಲಶ್, ಬರಹವನ್ನು ಡಿಸ್ಕ್‌ಗೇ ಇಳಿಸುವ ಎಫ್‌ಸಿಂಕ್, ಎಫ್‌ಕ್ಲೋಸ್. ನಾಲ್ಕರ ಉತ್ತರವನ್ನೂ ನೋಡಬೇಕು. ಎಫ್‌ಪ್ರಿಂಟ್‌ಎಫ್ ಸೋತರೆ ಋಣ ಸಂಖ್ಯೆ ಬರುತ್ತದೆ, ಉಳಿದವು ಸೊನ್ನೆ ಕೊಡದಿದ್ದರೆ ಸೋತಂತೆ. ಎಫ್‌ಸಿಂಕ್‌ಗೆ ಫೈಲ್ ಪಾಯಿಂಟರ್ ಬದಲು ಫೈಲ್‌ನೋ ಕೊಡುವ ಸಂಖ್ಯೆ ಬೇಕು. ಎಫ್‌ಫ್ಲಶ್‌ಗೆ ಮುಂಚೆ ಎಫ್‌ಸಿಂಕ್ ಮಾಡಿದರೆ ಬಫರ್‌ನಲ್ಲಿರುವುದು ಅಲ್ಲೇ ಉಳಿಯುತ್ತದೆ, ಡಿಸ್ಕ್‌ಗೆ ಹೋಗುವುದು ಏನೂ ಇಲ್ಲ. ಎಫ್‌ಸಿಂಕ್ ಯುನಿಕ್ಸ್ ಬಗೆಯ ಸಿಸ್ಟಂಗಳ ಮಾನಕವಾದ ಪಾಸಿಕ್ಸ್‌ನದು, ಸಿ ಮಾನಕದ್ದಲ್ಲ. ಜಿಸಿಸಿ ಕಂಪೈಲರ್‌ಗೆ ಕಟ್ಟುನಿಟ್ಟಿನ ಸಿ11 ಆಯ್ಕೆ (-std=c11) ಕೊಟ್ಟರೆ "ಘೋಷಣೆ ಇಲ್ಲ" ಎಂದು ಅದು ತಕರಾರು ಮಾಡುತ್ತದೆ. ಗ್ನು11 ಆಯ್ಕೆ (-std=gnu11) ಕೊಟ್ಟು, ಯುನಿಕ್ಸ್ ಸ್ಟ್ಯಾಂಡರ್ಡ್ ಹೆಡರ್ (unistd.h) ಸೇರಿಸಿ. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಅಡಿಗೆರೆಯಿಂದ ಶುರುವಾಗುವ ಕಮಿಟ್ ಇದೆ. ಎಫ್‌ಸಿಂಕ್ ನಿಧಾನದ ಕೆಲಸ. ದಿನಕ್ಕೊಂದು ಸಾಲಿಗೆ ಅದು ತಿಳಿಯುವುದೂ ಇಲ್ಲ, ಹತ್ತು ಸಾವಿರ ಸಾಲು ಒಮ್ಮೆಗೇ ಬರೆಯುವುದಾದರೆ ಎಲ್ಲ ಬರೆದ ಮೇಲೆ ಒಂದೇ ಸಲ ಮಾಡಿ.

ಎಫ್‌ಕ್ಲೋಸ್‌ನ ಉತ್ತರವನ್ನು ನೋಡುವವರು ಕಡಿಮೆ. ಎಫ್‌ಫ್ಲಶ್ ಬಿಟ್ಟಿರುವ ಕೋಡ್‌ನಲ್ಲಿ ಡಿಸ್ಕ್ ತುಂಬಿದ ಸುದ್ದಿ ಬರುವುದೇ ಅಲ್ಲಿ. ಅದು ವಿಫಲವಾದರೆ ಬಳಸುತ್ತಿರುವವರಿಗೆ ಸ್ಪಷ್ಟವಾಗಿ ಹೇಳಿ, "ಉಳಿಸಲಾಗಿದೆ" ಎಂದು ಮಾತ್ರ ಹೇಳಬೇಡಿ.

ಹಳೆಯ ಸಾಲು ತಿದ್ದುವುದು

ಟೆಕ್ಸ್ಟ್ ಫೈಲ್‌ನ ನಡುವೆ ಜಾಗ ಮಾಡಲು ಆಗುವುದಿಲ್ಲ. 96.0 ಇದ್ದಲ್ಲಿ 106.0 ಬರೆದರೆ ಒಂದು ಬೈಟ್ ಹೆಚ್ಚಾಗಿ ಹೊಸ ಸಾಲಿನ ಗುರುತನ್ನೇ ತಿಂದುಹಾಕುತ್ತದೆ, ಮುಂದಿನ ಸಾಲು ಇದಕ್ಕೆ ಅಂಟುತ್ತದೆ. ಸರಿಯಾದ ದಾರಿ ಹೊಸ ಫೈಲ್ ಬರೆಯುವುದು. ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಹೆಸರಿನ ಫೈಲ್ ತೆರೆಯಿರಿ. ಹಳೆಯದರ ಸಾಲುಗಳನ್ನು ನಕಲು ಮಾಡುತ್ತ ಬೇಕಾದ ಸಾಲನ್ನು ತಿದ್ದಿ ಬರೆಯಿರಿ. ಎಫ್‌ಫ್ಲಶ್, ಎಫ್‌ಸಿಂಕ್, ಎಫ್‌ಕ್ಲೋಸ್ ಮೂರೂ ಗೆದ್ದ ಮೇಲೆ ಮಾತ್ರ ರಿನೇಮ್ ಕರೆದು ಹಳೆಯ ಹೆಸರಿಗೆ ಬದಲಿಸಿ. ಯಾವುದಾದರೂ ಸೋತರೆ ತಾತ್ಕಾಲಿಕ ಫೈಲನ್ನು ಅಳಿಸಿ, ಹಳೆಯದು ಇದ್ದಂತೆಯೇ ಇರುತ್ತದೆ. ಲಿನಕ್ಸ್‌ನಲ್ಲಿ ಈ ಬದಲಾವಣೆ ಒಂದೇ ಹೆಜ್ಜೆಯಲ್ಲಿ ಆಗುವುದರಿಂದ ಅರ್ಧ ಹಳೆಯ ಅರ್ಧ ಹೊಸ ಫೈಲ್ ಯಾರಿಗೂ ಕಾಣುವುದಿಲ್ಲ. ತಾತ್ಕಾಲಿಕ ಫೈಲ್ ಬೇರೆ ಡ್ರೈವ್‌ನಲ್ಲಿದ್ದರೆ ಲಿನಕ್ಸ್‌ನ ರಿನೇಮ್ ವಿಫಲವಾಗುತ್ತದೆ. ವಿಂಡೋಸ್‌ನ ರಿನೇಮ್ ಅಂತೂ ಗುರಿಯ ಹೆಸರಿನ ಫೈಲ್ ಇದ್ದರೆ ಒಪ್ಪುವುದೇ ಇಲ್ಲ. ಅಲ್ಲಿ ವಿಂಡೋಸ್‌ನದೇ ಮೂವ್‌ಫೈಲ್‌ಎಕ್ಸ್‌ಗೆ (ಇದರಲ್ಲಿ ದೊಡ್ಡಕ್ಷರಗಳೂ ಇವೆ: MoveFileEx) "ಇದ್ದರೂ ಬದಲಿಸು" ಎಂಬ ಆಯ್ಕೆ ಕೊಡಬೇಕು.

ಬೈನರಿ ಫೈಲ್ ಯಾವಾಗ

ಎಫ್‌ರೈಟ್ ಇಂದ ಇಡೀ ಸ್ಟ್ರಕ್ಟ್ ಒಮ್ಮೆಗೇ ಬರೆಯುವುದು ಸುಲಭ. ದಾಖಲೆಯ ಸಂಖ್ಯೆಯನ್ನು ಅದರ ಅಳತೆಯಿಂದ ಗುಣಿಸಿ ಎಫ್‌ಸೀಕ್ ಮಾಡಿದರೆ ನೇರ ಅಲ್ಲಿಗೇ ಹೋಗಬಹುದು, ಅಳತೆ ಬದಲಾಗದ ಕಾರಣ ಇದ್ದಲ್ಲೇ ತಿದ್ದಲೂಬಹುದು. ಆದರೆ ಒಂದು ಇಂಟ್, ಒಂದು ಡಬಲ್ ಇರುವ ಸ್ಟ್ರಕ್ಟ್ 64 ಬಿಟ್ ಪಿಸಿಯಲ್ಲಿ 12 ಬೈಟ್ ಅಲ್ಲ, 16. ನಡುವೆ ಕಂಪೈಲರ್ 4 ಬೈಟ್ ಖಾಲಿ ಬಿಡುತ್ತದೆ. ಬೇರೆ ಯಂತ್ರದಲ್ಲಿ ಆ ಅಂತರವೂ ಬೈಟ್‌ಗಳ ಕ್ರಮವೂ ಬೇರೆಯಾಗಬಹುದು. ವಿಂಡೋಸ್‌ನಲ್ಲಿ ಮೋಡ್‌ಗೆ "ಬಿ" ಸೇರಿಸುವುದು ಮರೆತರೆ 10 ಎಂಬ ಪ್ರತಿ ಬೈಟ್ ಹಿಂದೆ 13 ಸೇರಿಕೊಂಡು ದಾಖಲೆಗಳು ಸರಿದುಹೋಗುತ್ತವೆ, ಓದುವಾಗ 26 ಎಂಬ ಬೈಟ್ ಸಿಕ್ಕರೆ ಫೈಲ್ ಮುಗಿಯಿತೆಂದು ನಿಲ್ಲುತ್ತದೆ. "ಆರ್ ಪ್ಲಸ್" ಮೋಡ್‌ನಲ್ಲಿ ಓದಿದ ಕೂಡಲೇ ಬರೆಯುವ ಹಾಗಿಲ್ಲ, ನಡುವೆ ಒಂದು ಎಫ್‌ಸೀಕ್ ಇರಲೇಬೇಕು. ಮಳೆ ಲೆಕ್ಕಕ್ಕೆ ನಮ್ಮ ಮತ ಟೆಕ್ಸ್ಟ್‌ಗೇ. ಇಪ್ಪತ್ತು ವರ್ಷ ಬಿಟ್ಟು ಯಾವ ಎಡಿಟರ್‌ನಲ್ಲಿ ತೆರೆದರೂ ಅದು ಓದಲು ಬರುತ್ತದೆ.

ಪರೀಕ್ಷೆ

ಜಿಸಿಸಿಗೆ ಹೆಚ್ಚಿನ ಎಚ್ಚರಿಕೆಗಳನ್ನು ತೋರಿಸುವ ವಾಲ್, ಎಕ್ಸ್‌ಟ್ರಾ ಆಯ್ಕೆ (-Wall -Wextra) ಕೊಟ್ಟು ಕಂಪೈಲ್ ಮಾಡಿ, ಆಮೇಲೆ ಬೇಕೆಂದೇ ಕೆಟ್ಟ ಫೈಲ್‌ಗಳನ್ನು ಕೊಡಿ. ಪೂರ್ತಿ ಖಾಲಿ ಫೈಲ್, ಕೊನೆಯ ಸಾಲಿಗೆ ಗುರುತಿಲ್ಲದ ಫೈಲ್, ವಿಂಡೋಸ್‌ನಲ್ಲಿ ಉಳಿಸಿದ ಫೈಲ್, 300 ಬೈಟ್ ಉದ್ದದ ಸಾಲಿರುವ ಫೈಲ್, ಎರಡು ರೀತಿಯ "ಶಿವಮೊಗ್ಗ" ಇರುವ ಫೈಲ್. ಡಿಸ್ಕ್ ತುಂಬಿದ ಸ್ಥಿತಿಗೆ ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ತುಂಬಿಸಬೇಕಿಲ್ಲ. ಡೆವ್ ಫೋಲ್ಡರ್‌ನಲ್ಲಿ "ಫುಲ್" ಎಂಬ ವಿಶೇಷ ಫೈಲ್ ಇದೆ, ಅದಕ್ಕೆ ಏನೇ ಬರೆದರೂ ಜಾಗವಿಲ್ಲ ಎನ್ನುತ್ತದೆ. ನಿಮ್ಮ ಪ್ರೋಗ್ರಾಂಗೆ ಆ ಹೆಸರು ಕೊಡಿ. ಒಂದು ಸಾಲಿನ ಎಫ್‌ಪ್ರಿಂಟ್‌ಎಫ್ ಗೆಲ್ಲುತ್ತದೆ, ಎಫ್‌ಫ್ಲಶ್ ಸೋಲುತ್ತದೆ. ಆಗ ಪರದೆಯಲ್ಲಿ ದೋಷದ ಸಂದೇಶ ಬರಬೇಕು, ಮೇನ್ ಸೊನ್ನೆಯಲ್ಲದ ಸಂಖ್ಯೆ ಮರಳಿಸಬೇಕು. ಅದರ ಬದಲು ಪ್ರೋಗ್ರಾಂ "ಉಳಿಸಲಾಗಿದೆ" ಎಂದರೆ ಯಾವುದೋ ಕರೆಯ ಉತ್ತರವನ್ನು ನೋಡದೆ ಬಿಟ್ಟಿದ್ದೀರಿ. ಎಫ್‌ಫ್ಲಶ್‌ನಿಂದ ಶುರುಮಾಡಿ ಹುಡುಕಿ.